ಗ್ಯಾದರಿಂಗಿನ ಲೆಕ್ಕ: ಸಿರಸಂಗಿಯಿಂದ ಒಂದು ಶಾಲಾ ಹಬ್ಬದ ಇತಿಹಾಸ

📍ಸಿರಸಂಗಿ | ಭಾಗ 1/8

ಜನವರಿ ಬಂತಂದ್ರ ನಮ್ಮ ಕಡೆ ಸಂಜೀಕ ಎರಡು ಸಪ್ಪಳ ಗ್ಯಾರಂಟಿ. ಒಂದು, ಕಬ್ಬು ಹೇರಿಕೊಂಡು ಹೋಗೋ ಟ್ರ್ಯಾಕ್ಟರಿನ ಟೇಪು. ಇನ್ನೊಂದು, ಶಾಲಿ ಅಂಗಳದಾಗ ಒಂದೇ ಹಾಡು ಹತ್ತು ಸಲ ನಿಂತು, ಮತ್ತ ಮೊದಲಿಂದ ಶುರು ಆಗೋದು. ಟೀಚರ್ ಚಪ್ಪಾಳೆ ಬಡಿದು "ಏ ಹಿಂದಿನ ಸಾಲು, ಕೈ ಮ್ಯಾಲ!" ಅನ್ನೋದು. ಗ್ಯಾದರಿಂಗ್ ಪ್ರ್ಯಾಕ್ಟೀಸ್.

ಮೊದಲನೇ ಫೋಟೋ ನೋಡ್ರಿ. ಇದು ಗ್ಯಾದರಿಂಗ್ ಮುಗಿದ ಮರುದಿನ ಮುಂಜಾನೆ ತೆಗೆದದ್ದು. ಸ್ಟೇಜಿನ ಹಿಂದಿನ ಪರದೆ ಅರ್ಧ ಬಿಚ್ಚ್ಯಾರ. ಕೆಳಗ ಕಾಗದದ ಹೂವು, ಒಂದು ಕಾಲ್ಗೆಜ್ಜಿ, ಚುರಮರಿ ಪುಡಕಿ ಬಿದ್ದಾವ. ಈ ಫೋಟೋ ನೋಡಿದಾಗೆಲ್ಲ ನನಗ ಒಂದು ಪ್ರಶ್ನೆ ಕಾಡತದ. ಪಾಠ, ಪರೀಕ್ಷೆ, ಹಾಜರಿ ಇವು ಶಾಲಿಗೆ ಬೇಕೇ ಬೇಕು, ಒಪ್ಪೋಣ. ಆದರ ವರ್ಷದ ಕೊನಿಗೆ ಹಬ್ಬ ಮಾಡಬೇಕು, ಪರದೆ ಕಟ್ಟಬೇಕು, ಊರವರ ಮುಂದ ಮಕ್ಕಳನ್ನ ನಿಲ್ಲಿಸಬೇಕು ಅನ್ನೋದು ಎಲ್ಲಿಂದ ಬಂತು? ಅದಕ್ಕ ರೊಕ್ಕ ಯಾರು ಕೊಟ್ಟರು? ಮುಖ್ಯವಾಗಿ, ಆ ಸ್ಟೇಜಿನ ಮ್ಯಾಲ ಯಾರ್ಯಾರು ನಿಂತರು, ಯಾರಿಗೆ ನಿಲ್ಲಲಿಕ್ಕೆ ಬಿಡಲಿಲ್ಲ?

ನಾನು ಓದೋದು ಬಿ.ಕಾಂ. ಇತಿಹಾಸ ನನ್ನ ವಿಷಯ ಅಲ್ಲ. ಆದರ ಅಕೌಂಟ್ಸ್ ಕ್ಲಾಸಿನ್ಯಾಗ ಒಂದು ಮಾತು ಕಲಿತೀನಿ: ಯಾವುದೇ ಸಂಸ್ಥೆ ಅರ್ಥ ಆಗಬೇಕಂದ್ರ ಅದರ ಜಮಾ-ಖರ್ಚಿನ ವಹಿ ತೆಗೆದು ನೋಡು. ಅದೇ ಕಣ್ಣಿಂದ ಗ್ಯಾದರಿಂಗ್ ನೋಡೋಣು. ಎಂಟು ಭಾಗ ಅದಾವ, ಸಾವಕಾಶ ಓದ್ರಿ.

👉 ಭಾಗ 2: 'ಗ್ಯಾದರಿಂಗ್' ಅನ್ನೋ ಹೆಸರು ನಮಗ ಎಲ್ಲಿಂದ ಬಂತು?

—

📍ಭಾಗ 2/8 | ಹೆಸರಿನಾಗ ಒಂದು ನಕಾಶೆ

ಮೈಸೂರು, ಮಂಡ್ಯ ಕಡೆಯ ಗೆಳೆಯರಿಗೆ "ನಾಳೆ ನಮ್ಮ ಶಾಲಿ ಗ್ಯಾದರಿಂಗ್ ಐತಿ" ಅಂದ್ರ ಅವರು "ಏನು, ಮೀಟಿಂಗಾ?" ಅಂತಾರೆ. ಅವರದು 'ಸ್ಕೂಲ್ ಡೇ' ಅಥವಾ 'ವಾರ್ಷಿಕೋತ್ಸವ'. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆ ಮಾತ್ರ ಇದು 'ಗ್ಯಾದರಿಂಗ್'. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುವ ಹೆಸರು 'ವಾರ್ಷಿಕ ಸ್ನೇಹ ಸಮ್ಮೇಳನ'.

ಈ ಎರಡೂ ಹೆಸರಿಗೆ ಒಂದೇ ಹಿನ್ನೆಲೆ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಗಳು ಮುಂಬಯಿ ಆಡಳಿತದ ಕೆಳಗಿದ್ದವು. ಪುಣೆ, ಮುಂಬಯಿ ಕಾಲೇಜುಗಳೊಳಗ ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕೂಡುವ ಕಾರ್ಯಕ್ರಮಕ್ಕೆ 'ಸೋಶಿಯಲ್ ಗ್ಯಾದರಿಂಗ್' ಅಂತಿದ್ದರು. ಮರಾಠಿಯಲ್ಲಿ ಅದು 'ಸ್ನೇಹಸಂಮೇಲನ' ಆಯಿತು. ಅಲ್ಲಿ ಕಲಿತು ಬಂದ ಮಾಸ್ತರರು ಆ ಪದ್ಧತಿಯನ್ನೂ ಹೆಸರನ್ನೂ ಕೂಡೇ ತಂದರು. ಮುಂಬಯಿ ಸರಕಾರ ಹೋಗಿ ಎಷ್ಟೋ ದಶಕ ಆದವು, ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕ ಆಯ್ತು, ಆದರ 'ಗ್ಯಾದರಿಂಗ್' ಹೋಗಲಿಲ್ಲ. ನಮ್ಮ ಬಾಯಾಗ ಹಳೇ ಪ್ರಾಂತ್ಯದ ಗಡಿ ಇನ್ನೂ ಐತಿ ನೋಡ್ರಿ.

ಇನ್ನ ಕಾಲಮಾನ. ಶಾಲಿ ವರ್ಷಕ್ಕ ಎರಡು ಅವಧಿ. ಮೊದಲನೇದು ದಸರಾ ರಜೆಗೆ ಮುಗೀತದ, ಎರಡನೇದು ಏಪ್ರಿಲ್‌ಗೆ. ಏಪ್ರಿಲ್ 10 ಅಂದ್ರ ರಿಸಲ್ಟ್ ದಿನ ಅಂತ ನಮ್ಮವ್ವಗೂ ಗೊತ್ತು. ಆ ಎರಡನೇ ಅವಧಿಯ ಕೊನಿಗೆ, ಪರೀಕ್ಷೆಯ ಅಂಜಿಕಿ ಹತ್ತೋದಕ್ಕಿಂತ ಮೊದಲು ಗ್ಯಾದರಿಂಗ್, ಆಮ್ಯಾಲ ಏಳನೇತ್ತೆ, ಹತ್ತನೇತ್ತೆಯವರ ಬೀಳ್ಕೊಡುಗೆ, ಸರಸ್ವತಿ ಪೂಜಾ. ಸಿರಸಂಗಿಯೊಳಗ ಇದರ ಬೆನ್ನಿಗೇ ಯುಗಾದಿಗೆ ಕಾಳಮ್ಮನ ಜಾತ್ರಿ. ದೂರದೂರದ ವಿಶ್ವಕರ್ಮ ಮನೆತನದವರು ಕುಲದೇವಿ ಅಂತ ಬರ್ತಾರ. ಪರೀಕ್ಷೆ, ಜಾತ್ರಿ, ಯುಗಾದಿ ಒಂದರ ಮ್ಯಾಲ ಒಂದು. ಇಲ್ಲಿನ ಮಕ್ಕಳಿಗೆ ಓದೋದು ಯಾವತ್ತೂ ಸುಲಭ ಅಲ್ಲ 😅

👉 ಭಾಗ 3: ಗ್ಯಾದರಿಂಗ್ ಬರೋದಕ್ಕಿಂತ ಮೊದಲು ಏನಿತ್ತು?

—

📍ಭಾಗ 3/8 | ಅಂಗೈ ಮ್ಯಾಲ ಸರಸ್ವತಿ

ಇಂಗ್ಲಿಷ್ ಪದ ಬರೋದಕ್ಕಿಂತ ಮೊದಲು ಶಾಲಿಗೆ ಹಬ್ಬ ಇರಲಿಲ್ಲ ಅಂತ ತಿಳೀಬ್ಯಾಡ್ರಿ. ಇತ್ತು, ಬ್ಯಾರೆ ರೂಪದಾಗ.

1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಒಂದು ವರದಿ ಬರೆದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದೊಳಗಿತ್ತು. ಒಟ್ಟು 533 ಶಾಲೆಗಳು, ಅದರೊಳಗ 235 ಕನ್ನಡದವು. ಮಗುವಿಗೆ ಐದು ವರ್ಷ ಆದಾಗ ಮಾಸ್ತರರನ್ನೂ ಶಾಲಿ ಹುಡುಗರನ್ನೂ ಮನಿಗೆ ಕರೀತಿದ್ದರು. ಎಲ್ಲರೂ ಗಣಪತಿಯ ಸುತ್ತ ಕೂತು, ಮಗುವಿನ ಬೆರಳು ಹಿಡಿದು ಅಕ್ಕಿಯ ಮ್ಯಾಲ ಅಕ್ಷರ ಬರೆಸೋದು. ಅಂದ್ರ ಇಡೀ ಶಾಲಿ ಎದ್ದು ಮನಿಗೆ ಬಂದು ಒಂದು ಮಗುವನ್ನ ಬರಮಾಡಿಕೊಳ್ತಿತ್ತು.

ಅದೇ ವರದಿಯ ಇನ್ನೊಂದು ಸಂಗತಿ ನನಗ ಭಾಳ ಹಿಡಿಸಿತು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮ್ಯಾಲ ಸರಸ್ವತಿ ಹೆಸರು ಬರೀತಿದ್ದರು. ಎರಡನೇದವನಿಗೆ ಸೊನ್ನೆ. ಮೂರನೇದವನಿಗೆ ಮೆಲ್ಲಗ ಒಂದು ಏಟು, ನಾಕನೇದವನಿಗೆ ಎರಡು, ಹಿಂಗ ಏರಿಕೋತ ಹೋಗೋದು. ಬಹುಮಾನ ವಿತರಣೆ ಆಗ ದಿನಾಲೂ ಇತ್ತು ಅನ್ರಿ!

ಅವಧಿ ಮುಗಿಯುವ ಹಬ್ಬ ಅಂದ್ರ ಮಹಾನವಮಿ. ಹಳೇ ಮೈಸೂರು ಕಡೆ ಐಗಳು ಹುಡುಗರನ್ನ ಕರಕೊಂಡು ಮನಿಮನಿಗೆ ಹೋಗಿ ಚೌಪದ ಹೇಳಿಸುತ್ತಿದ್ದರು. ಕರಾವಳಿಯಲ್ಲಿ ಇದರ ಚಂದದ ರೂಪ 'ಹೂವಿನಕೋಲು': ನವರಾತ್ರಿಯಲ್ಲಿ ಹುಡುಗರು ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕೂತು, ಮನೆಯವರಿಗೆ ಶುಭ ಹಾರೈಸಿ ಯಕ್ಷಗಾನದ ಪದ-ಮಾತು ಹೇಳೋದು. ಮನೆಯವರು ಕೊಟ್ಟ ಅಕ್ಕಿ, ಕಾಯಿ, ರೊಕ್ಕ ಗುರುಗಳಿಗೆ.

ಜಮಾ-ಖರ್ಚು ನೋಡಿದ್ರ ಇದು ಎರಡು ಕೆಲಸ ಮಾಡ್ತಿತ್ತು. ಮಕ್ಕಳು ಏನು ಕಲಿತಾರ ಅಂತ ಊರಿಗೆ ತೋರಿಸೋದು ಒಂದು, ಮಾಸ್ತರರ ಹೊಟ್ಟಿ ತುಂಬಿಸೋದು ಇನ್ನೊಂದು. ಸಂಬಳ ಇಲ್ಲದ ಐಗಳಿಗೆ ಹಬ್ಬವೇ ಬೋನಸ್.

👉 ಭಾಗ 4: ಆದರ ಈ ಚಂದದ ಚಿತ್ರದೊಳಗ ಇಲ್ಲದವರು ಯಾರು?

—

📍ಭಾಗ 4/8 | ಬಾಗಲಾಚೆ ನಿಂತ ಹುಡುಗ

ಕ್ಯಾಂಬೆಲ್‌ನ ಲೆಕ್ಕ ಪೂರ್ತಿ ನೋಡಬೇಕು. 533 ಶಾಲೆಗಳೊಳಗ ಒಟ್ಟು ಮಕ್ಕಳು 6,641. ಅವರೊಳಗ ಹೆಣ್ಣುಮಕ್ಕಳು ಬರೇ 60. ಹೌದು, ಅರವತ್ತು. ನೂರಕ್ಕ ಒಂದೂ ಬೀಳೂದಿಲ್ಲ.

ಬಡತನದ ಬಗ್ಗೆನೂ ಅವ ಮುಚ್ಚಿಡಲಿಲ್ಲ. ನಾಡು ಬಡವಾಗಾಕತ್ತೇತಿ, ತಾಯ್ತಂದೆಗೆ ಓದಿಸೋ ಶಕ್ತಿ ಇಲ್ಲ, ಕೈಕಾಲು ಗಟ್ಟಿ ಆಗೋದಕ್ಕಿಂತ ಮೊದಲೇ ಮಕ್ಕಳನ್ನ ದುಡಿಮಿಗೆ ಹಚ್ಚಬೇಕಾಗೇತಿ ಅನ್ನೋ ಅರ್ಥದಾಗ ಬರೆದಾನ. ಯುರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರಿಕೆಗೆ ಹೊಡೆತ ಬಿದ್ದದ್ದನ್ನೂ ಕಾರಣ ಅಂತ ಹೇಳ್ಯಾನ. ಕಂಪನಿ ಸರಕಾರದ ಅಧಿಕಾರಿಯೇ ಬರೆದದ್ದು ಇದು.

ಇನ್ನ ಮೂರನೇ ಬಾಗಲಾ. ಇದು ನಮ್ಮ ಪಕ್ಕದ ಧಾರವಾಡದ ಕಥಿ. 1856ರ ಜೂನ್ ತಿಂಗಳು. ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲಿಗೆ ಸೇರಿಸಿಕೊಳ್ಳ್ರಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರಕಾರದ ತನಕ ಹೋಯ್ತು. ಸರಕಾರ ಏನು ಹೇಳಿತು? ನ್ಯಾಯ ನಿನ್ನ ಕಡೆನೇ ಐತಿ, ಆದರ ಒಬ್ಬನಿಗಾಗಿ ಉಳಿದವರೆಲ್ಲ ಶಾಲಿ ಬಿಟ್ಟರ ಏನು ಮಾಡೋದು ಅಂತ. ಕೊನಿಗೆ ಲಂಡನ್ನಿನ ಕೋರ್ಟ್ ಆಫ್ ಡೈರೆಕ್ಟರ್ಸ್ 1858ರಲ್ಲಿ, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಹೇಳಿತು. ಮುಂದೆ ಅಂಬೇಡ್ಕರ್ ಅವರೂ ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದರು. ಕಾಗದದ ಮ್ಯಾಲಿನ ಆದೇಶ ಹಳ್ಳಿ ಶಾಲಿ ಕಟ್ಟೆಗೆ ಬರಲಿಕ್ಕೆ ಇನ್ನೂ ಎಷ್ಟೋ ವರ್ಷ ಹಿಡೀತು ಅನ್ನೋದು ಬ್ಯಾರೆ ಮಾತು.

ಇತಿಹಾಸದ ಪುಸ್ತಕದಾಗ 1857 ಅಂದ್ರ ದಂಗೆ ಅಂತ ಓದ್ತೀವಿ. ಅದೇ ಹೊತ್ತಿನ್ಯಾಗ ಒಬ್ಬ ಹುಡುಗ ಒಂದು ಶಾಲಿ ಬಾಗಲಕ್ಕ ನಿಂತು ಇಡೀ ಸಾಮ್ರಾಜ್ಯಕ್ಕ ಉತ್ತರ ಕೊಡೋ ಹಂಗ ಮಾಡಿದ. ಅವನಿಗೆ ಯಾವ ಗ್ಯಾದರಿಂಗಿನ್ಯಾಗೂ ಹಾರ ಬೀಳಲಿಲ್ಲ. ಆದರ ಇವತ್ತು ಸ್ಟೇಜಿನ ಮ್ಯಾಲ ನಿಲ್ಲೋ ಅರ್ಧದಷ್ಟು ಮಕ್ಕಳ ಹಿಂದ ಅವ ನಿಂತಾನ.

👉 ಭಾಗ 5: ಇನಸ್ಪೆಕ್ಟರ್ ಸಾಹೇಬರು ಬರ್ತಾರ!

—

📍ಭಾಗ 5/8 | ಡೆಪ್ಯುಟಿ ಬಂದ್ರು, ಸಾರಿಸಿ ಬಿಡ್ರಿ

ಸರಕಾರಿ ಕನ್ನಡ ಶಾಲಿ ಬಂದ ಮ್ಯಾಲ ವರ್ಷದ ದೊಡ್ಡ ದಿನ ಅಂದ್ರ ತಪಾಸಣೆ. ಡೆಪ್ಯುಟಿ ಇನಸ್ಪೆಕ್ಟರ್ ಬರ್ತಾರಂದ್ರ ಶಾಲಿ ಸಾರಿಸಿ, ತೋರಣ ಕಟ್ಟಿ, ಮಕ್ಕಳಿಗೆ ಮಗ್ಗಿ-ಪದ್ಯ ಬಾಯಿಪಾಠ ಮಾಡಿಸಿ ನಿಲ್ಲಿಸೋದು. ಮುಂಬಯಿ ಪ್ರಾಂತ್ಯದೊಳಗ ಖಾಸಗಿ ಶಾಲೆಗಳ ಅನುದಾನ ಪರೀಕ್ಷೆಯ ಫಲಿತಾಂಶದ ಮ್ಯಾಲ ನಿಂತಿತ್ತು. ಹಂಗಾಗಿ ಮಕ್ಕಳು ತಪ್ಪಿಲ್ಲದಂಗ ಒಪ್ಪಿಸಿದರ ಮಾತ್ರ ಶಾಲಿಗೆ ರೊಕ್ಕ. ಮಹಾನವಮಿಯ ಚೌಪದ ಊರಿಗೆ ತೋರಿಸೋದಾಗಿತ್ತು, ಇದು ಸರಕಾರಕ್ಕ ತೋರಿಸೋದಾಯ್ತು. ನೋಡುವವರು ಬದಲಾದರು.

ಆ 'ಡೆಪ್ಯುಟಿ' ಅನ್ನೋ ಹುದ್ದೆ ಒಬ್ಬರ ಹೆಸರಿಗೇ ಅಂಟಿಕೊಂಡು ಬಿಟ್ಟದ. ಡೆಪ್ಯುಟಿ ಚೆನ್ನಬಸಪ್ಪ (1834–1881). ಮುಂಬಯಿ ಕರ್ನಾಟಕದ ಶಾಲೆಗಳೊಳಗ ಮರಾಠಿಯ ಜೋರು ಇದ್ದ ಕಾಲಕ್ಕ ಕನ್ನಡ ಶಾಲೆಗಳಿಗೆ ಬೆನ್ನೆಲುಬಾಗಿ ನಿಂತವರು. ಧಾರವಾಡದ ನಾರ್ಮಲ್ ಸ್ಕೂಲ್, ಅಂದ್ರ ಕನ್ನಡ ಮಾಸ್ತರರನ್ನ ತಯಾರು ಮಾಡೋ ಶಾಲಿ, ಅವರ ಕೈಯಾಗಿತ್ತು. ಶೇಕ್ಸ್‌ಪಿಯರನ ಒಂದು ಹಾಸ್ಯ ನಾಟಕವನ್ನ 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದರು. ಹೆಸರೇ ಎಷ್ಟು ಚಂದ ಐತಿ! ಅವರು ತೀರಿಕೊಂಡ ಒಂಬತ್ತು ವರ್ಷಕ್ಕ, 1890ರಲ್ಲಿ, ರಾ.ಹ. ದೇಶಪಾಂಡೆಯವರು ಧಾರವಾಡದಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು.

ಏಕೀಕರಣದ ದಿನಗಳಲ್ಲಿ ನವರಾತ್ರಿಗೆ 'ನಾಡಹಬ್ಬ' ಮಾಡೋದು ಈ ಭಾಗದ ಊರುಗಳಲ್ಲಿ ರೂಢಿ ಆಯ್ತು. ಭಾಷಣ, ಹಾಡು, ನಾಟಕ. ಅಂದ್ರ ಹಳೇ ಮಹಾನವಮಿಯೇ ಹೊಸ ಅರ್ಥ ತೊಟ್ಟು ಬಂತು. ಇವತ್ತು ಗ್ಯಾದರಿಂಗಿನ್ಯಾಗ ಮೊದಲು ನಾಡಗೀತೆ, ಆಮ್ಯಾಲ ಸ್ವಾಗತ, ಅತಿಥಿಗಳ ಭಾಷಣ, ಬಹುಮಾನ, ಕೊನಿಗೆ ಮನರಂಜನೆ ಅನ್ನೋ ಕ್ರಮ ಐತಲ್ಲ, ಅದರೊಳಗ ತಪಾಸಣೆಯ ಶಿಸ್ತೂ ಐತಿ, ನಾಡಹಬ್ಬದ ಹುರುಪೂ ಐತಿ. ಅತಿಥಿಗಳ ಭಾಷಣ ಮಾತ್ರ ಯಾವ ಕಾಲದಿಂದ ಅಷ್ಟು ಉದ್ದ ಆಯ್ತೋ 🙈

👉 ಭಾಗ 6: ನಮ್ಮೂರ ದೇಸಾಯಿ

—

📍ಭಾಗ 6/8 | ಜನವರಿ 10

ಆರನೇ ಫೋಟೋ ವಾಡೆ. ಸಿರಸಂಗಿ ಅಂದ ಕೂಡಲೇ ಹೊರಗಿನವರು ಎರಡು ಹೆಸರು ಹೇಳ್ತಾರ: ಕಾಳಮ್ಮ, ಇಲ್ಲಾ ಲಿಂಗರಾಜರು.

ಲಿಂಗರಾಜ ದೇಸಾಯಿಯವರು ಹುಟ್ಟಿದ್ದು 1861ರ ಜನವರಿ 10. ನವಲಗುಂದ-ಸಿರಸಂಗಿ ದೇಸಗತಿಗೆ ದತ್ತಕ ಬಂದವರು. 1904ರಲ್ಲಿ ಧಾರವಾಡದಾಗ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು. ಬೆನ್ನಿಗೆ ಮಕ್ಕಳಿರಲಿಲ್ಲ. ಆ ಕಾಲದ ದೇಸಾಯಿ ಆಗಿದ್ದರ ಮತ್ತೊಬ್ಬರನ್ನ ದತ್ತಕ ತಗೊಂಡು ದೇಸಗತಿ ಮುಂದುವರೆಸಬಹುದಿತ್ತು. ಅವರು ಹಂಗ ಮಾಡಲಿಲ್ಲ. ಮೃತ್ಯುಪತ್ರ ಬರೆದು ಆಸ್ತಿಯನ್ನ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಅದಕ್ಕೇ ಜನ ಅವರಿಗೆ 'ತ್ಯಾಗವೀರ' ಅಂದದ್ದು.

ಅವರು ಹೋದ ಹತ್ತು ವರ್ಷಕ್ಕ, 1916ರ ನವೆಂಬರ್ 13ಕ್ಕ, ಏಳು ಮಂದಿ ಶಿಕ್ಷಕರು ಸೇರಿ ಬೆಳಗಾವಿಯೊಳಗ ಕೆ.ಎಲ್.ಇ. ಸಂಸ್ಥೆ ಶುರು ಮಾಡಿದರು. ಶುರು ಆದದ್ದು ಒಂದು ಹೈಸ್ಕೂಲಿನಿಂದ. 1933ರಲ್ಲಿ ಆ ಸಂಸ್ಥೆ ಕಾಲೇಜು ತೆರೆದಾಗ ಅದಕ್ಕ ಇಟ್ಟ ಹೆಸರು ಲಿಂಗರಾಜ ಕಾಲೇಜು. ಇವತ್ತೂ ಜನವರಿ 10ಕ್ಕ ಜಯಂತಿ ಆಗತದ. ಸರಿಯಾಗಿ ಗ್ಯಾದರಿಂಗ್ ಸೀಸನ್ನಿನ್ಯಾಗ.

ಇಲ್ಲಿ ನನ್ನ ಬಿ.ಕಾಂ. ತಲಿ ಓಡತದ. ಖರ್ಚಿನೊಳಗ ಎರಡು ಥರ. ಒಂದು ಕಂದಾಯ ವೆಚ್ಚ, ಇವತ್ತು ಮಾಡಿದರ ಇವತ್ತೇ ಮುಗೀತು. ಇನ್ನೊಂದು ಬಂಡವಾಳ ವೆಚ್ಚ, ಒಮ್ಮೆ ಮಾಡಿದರ ವರ್ಷಗಟ್ಟಲೆ ಫಲ. ಒಬ್ಬ ದೇಸಾಯಿ ದೊಡ್ಡ ಜಾತ್ರಿ ಮಾಡಿ ಊರಿಗೆಲ್ಲ ಊಟ ಹಾಕಿದ್ದರ ಅದು ಒಂದು ದಿನದ ನೆನಪು. ಲಿಂಗರಾಜರು ಹಬ್ಬದ ರೊಕ್ಕವನ್ನ ಬಂಡವಾಳ ಮಾಡಿದರು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಆ ಮೃತ್ಯುಪತ್ರ ಲಿಂಗಾಯತ ಸಮಾಜದ ಮಕ್ಕಳನ್ನ ಮನಸ್ಸಿನ್ಯಾಗ ಇಟ್ಟುಕೊಂಡು ಬರೆದದ್ದು. ಆ ಕಾಲದಾಗ ಬಹುತೇಕ ಸಮಾಜಗಳು ತಮ್ಮ ತಮ್ಮ ಮಕ್ಕಳಿಗೆ ತಾವೇ ಬಾಗಲಾ ತೆರೆದವು. ಬೋರ್ಡಿಂಗು, ಫಂಡು, ಸ್ಕಾಲರ್‌ಶಿಪ್ಪು ಎಲ್ಲಾ ಹಂಗ. ಒಂದು ಬಾಗಲಾ ತೆರೆದದ್ದು ದೊಡ್ಡದು. ಎಲ್ಲರಿಗೂ ತೆರೆಯೋದು ಇನ್ನೂ ಬಾಕಿ ಇತ್ತು ಅನ್ನೋದೂ ಖರೆ.

👉 ಭಾಗ 7: ಹನ್ನೊಂದು ವರ್ಷದ ಹುಡುಗಿಯ ಅಂಜಿಕಿ

—

📍ಭಾಗ 7/8 | ಹಾಡು ಮುಗಿದ ಮ್ಯಾಲ ಊಟ

1924ರ ಡಿಸೆಂಬರ್. ಬೆಳಗಾವಿಯೊಳಗ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸ್ವಾಗತ ಗೀತೆ ಹಾಡಿದವರೊಳಗ ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ಮುಂದೆ ಆಕೆ ಗಂಗೂಬಾಯಿ ಹಾನಗಲ್ ಅಂತ ದೇಶಕ್ಕೆಲ್ಲ ಗೊತ್ತಾದಳು.

ನಾವು ಹಾಡಿನ ಬಗ್ಗೆ ಹೆಮ್ಮೆಯಿಂದ ಹೇಳ್ತೀವಿ. ಅವರು ಮುಂದೆ ಆ ದಿನ ನೆನೆಸಿಕೊಂಡಾಗ ಇನ್ನೊಂದು ಮಾತೂ ಹೇಳಿದರು. ಹಾಡೋದಕ್ಕಿಂತ ಹೆಚ್ಚು ಅಂಜಿಕಿ ಊಟದ್ದಿತ್ತಂತ. ಜಾತಿ ನೋಡಿ ತಮ್ಮನ್ನ ಬ್ಯಾರೆ ಕೂಡಸ್ತಾರೇನೋ ಅಂತ. ಸ್ಟೇಜಿನ ಮ್ಯಾಲ ಜಾಗ ಸಿಕ್ಕಿತ್ತು, ಪಂಕ್ತಿಯೊಳಗ ಸಿಗತದೋ ಇಲ್ಲೋ ಗೊತ್ತಿರಲಿಲ್ಲ.

ಹೆಣ್ಣುಮಕ್ಕಳು ನಾಕು ಮಂದಿ ಮುಂದ ಹಾಡೋದು, ಕುಣಿಯೋದು ಆಗ ಮರ್ಯಾದಸ್ತರ ಕೆಲಸ ಅಲ್ಲ ಅಂತಿದ್ದರು. ನಾಟಕದಾಗ ಹೆಣ್ಣಿನ ಪಾತ್ರ ಗಂಡಸರೇ ಮಾಡ್ತಿದ್ದ ಕಾಲ. ನಮ್ಮ ಜಿಲ್ಲೆಯದೇ ಆದ ಶ್ರೀಕೃಷ್ಣ ಪಾರಿಜಾತ ಕುಲಗೋಡ ತಮ್ಮಣ್ಣನಿಂದ ಬೆಳೀತು. ಅದೇ ಪಾರಿಜಾತದಾಗ ಕೌಜಲಗಿ ನಿಂಗಮ್ಮ ಹೆಣ್ಣಾಗಿ ನಿಂತು ಹೆಸರು ಮಾಡಿದಳು. ಇವತ್ತು ಶಾಲಿ ಸ್ಟೇಜಿನ್ಯಾಗ ನಮ್ಮ ತಂಗಿಯಂದಿರು ಕುಣಿದರ ಮುಂದಿನ ಸಾಲಿನ್ಯಾಗ ಅಜ್ಜ ಕೂತು ಚಪ್ಪಾಳೆ ತಟ್ಟತಾನ. ಇದು ತಾನಾಗೇ ಆದದ್ದಲ್ಲ. ಹಿಂದ ಹಿಂತಾ ಹೆಣ್ಣುಮಕ್ಕಳು ಮಾತು ಕೇಳಿಸಿಕೊಂಡು ನಿಂತದ್ದಕ್ಕ ಆದದ್ದು. 6,641ರಲ್ಲಿ 60 ಅನ್ನೋ ಲೆಕ್ಕ ನೆನಪಿರಲಿ.

ಊಟದ ವಿಷಯನೂ ಹಂಗ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರಕಾರಿ ಶಾಲೆಗಳಲ್ಲಿ ಬಿಸಿ ಊಟ ಕೊಡಬೇಕು ಅಂತ ಆದೇಶ ಮಾಡಿತು. ನಮ್ಮಲ್ಲಿ ಅದು ಅಕ್ಷರ ದಾಸೋಹ. ನನ್ನ ವಯಸ್ಸಿನವರು ದಿನಾ ಒಂದೇ ಸಾಲಿನ್ಯಾಗ ಕೂತು ಉಂಡು ಬೆಳೆದವರು. ಗ್ಯಾದರಿಂಗ್ ದಿನ ಹುಗ್ಗಿ, ಬದನಿಕಾಯಿ ಪಲ್ಯ, ಅನ್ನ-ಸಾರು. ಆ ಸಾಲಿನ್ಯಾಗ ಯಾರ ಬಾಜೂಕ ಯಾರು ಕೂತಾರ ಅಂತ ನಾವು ನೋಡಲೇ ಇಲ್ಲ. ನೋಡದೇ ಇರೋದು ಎಷ್ಟು ದೊಡ್ಡ ಮಾತು ಅಂತ ಈಗ ತಿಳೀತದ.

👉 ಕೊನೇ ಭಾಗ: ಹಂಗಾದರ ಈಗ ಎಲ್ಲಾ ಸರಿ ಐತೇನು?

—

📍ಭಾಗ 8/8 | ₹350

ಇದು ನನ್ನ ಕಥಿ. ಶಾಲಿ ಹೆಸರು ಬ್ಯಾಡ.

ಏಳನೇತ್ತೆ. ನಮ್ಮ ಗುಂಪು ಹಾಡಿಗೆ ಎಂಟು ಮಂದಿ. ಒಂದು ತಿಂಗಳು ಪ್ರ್ಯಾಕ್ಟೀಸ್. ಎಲ್ಲರಿಗಿಂತ ಚಲೋ ಕುಣಿಯಾಕಿ ನನ್ನ ಗೆಳತಿ. ನಮಗೆಲ್ಲ ಹೆಜ್ಜಿ ಹೇಳಿಕೊಟ್ಟಾಕೀನೂ ಆಕೀನೇ. ಗ್ಯಾದರಿಂಗಿಗೆ ನಾಕು ದಿನ ಇದ್ದಾಗ ಡ್ರೆಸ್ಸಿನ ಬಾಡಿಗಿ ತರ್ರಿ ಅಂದ್ರು. ತಲಾ ₹350. ಮರುದಿನದಿಂದ ಆಕಿಗೆ ಹೊಟ್ಟಿನೋವು. ಆಕಿ ಜಾಗಕ್ಕ ಬ್ಯಾರೆಯಾಕಿ ಬಂದಳು. ಆ ರಾತ್ರಿ ನಾವು ಮಿಂಚೋ ಬಟ್ಟಿ ಹಾಕ್ಕೊಂಡು ಕುಣಿದ್ವಿ. ಆಕಿ ಪರದೆ ಹಿಂದ ನಿಂತು ನಮ್ಮ ಚಪ್ಪಲಿ, ನಮ್ಮ ಸ್ವೆಟರ್ ಕಾಯ್ದಳು. ಹಾಡಿನ ನಡುವ ನಾನು ಹೆಜ್ಜಿ ಮರತೆ. ತಿರುಗಿ ನೋಡಿದರ ಆಕಿ ಅಲ್ಲೇ ನಿಂತು ಕೈಲೆ ಹೆಜ್ಜಿ ತೋರಸಾಕತ್ತಿದ್ದಳು.

ಹೊಟ್ಟಿನೋವು ಖರೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಈಗ ವಹಿ ಮುಚ್ಚೋಣು. 1823ರಲ್ಲಿ ಹೆಣ್ಣು ಅಂತ ಹೊರಗ. 1856ರಲ್ಲಿ ಜಾತಿ ಅಂತ ಹೊರಗ. ಕಾಯ್ದೆ, ಆದೇಶ, ಮೃತ್ಯುಪತ್ರ, ಬಿಸಿ ಊಟ ಇವೆಲ್ಲ ಒಂದೊಂದೇ ಬಾಗಲಾ ತೆರೆದವು. ಕೊನಿಗೆ ಉಳಿದದ್ದು ಒಂದು ಸಣ್ಣ ಬಾಗಲಾ, ₹350ರದು. ಇದನ್ನ ಯಾರೂ ಬೇಕಂತ ಹಾಕಿಲ್ಲ, ಅದಕ್ಕೇ ಯಾರಿಗೂ ಕಾಣೂದಿಲ್ಲ. ಕ್ಯಾಂಬೆಲ್ ಬರೆದ ಬಡತನದ ಕಾರಣ ಇನ್ನೂರು ವರ್ಷ ಆದಮ್ಯಾಲ ಪರದೆ ಹಿಂದ ಬಂದು ನಿಂತಿತ್ತು.

ಪರಿಹಾರ ದೊಡ್ಡದೇನಲ್ಲ. ಎಂಟು ಮಂದಿಯ ಬಾಡಿಗಿ ಒಂದು ರಾತ್ರಿಗೆ ₹2,800. ಅದು ಕಂದಾಯ ವೆಚ್ಚ, ಮರುದಿನ ಮುಂಜಾನೆ ಮುಗೀತು. ಅದೇ ರೊಕ್ಕದಾಗ ಇಳಕಲ್ ಸೀರಿ ತುಂಡು, ಕುಪ್ಪಸ, ರುಮಾಲು, ಗೆಜ್ಜಿ ತಂದು ಹೊಲಿಸಿ ಒಂದು ಪೆಟ್ಟಿಗಿಯೊಳಗ ಇಟ್ಟರ ಅದು ಶಾಲಿ ಆಸ್ತಿ. ಪ್ರತಿ ವರ್ಷ ಒಂದೊಂದು ಜೋಡಿ ಕೂಡಿಸಿದರ ಐದು ವರ್ಷಕ್ಕ ಯಾರೂ ಬಾಡಿಗಿ ಕೊಡಬೇಕಾಗಿಲ್ಲ. ಹೋದ ವರ್ಷ ನಾವು ನಾಕು ಮಂದಿ ಹಳೆ ವಿದ್ಯಾರ್ಥಿಗಳು ಇಂಥಾ ಒಂದು ಪೆಟ್ಟಿಗಿ ಶುರು ಮಾಡೀವಿ. ಕೊನೇ ಫೋಟೋ ಅದೇ. ಹನ್ನೊಂದು ಜೋಡಿ ಬಟ್ಟಿ ಅದಾವ. ಹೊಲಿದಾಕಿ ಯಾರಂದ್ರ, ಅದೇ ಗೆಳತಿ. ಈಗ ಟೇಲರಿಂಗ್ ಮಾಡತಾಳ. ಹೊಲಿಗಿ ರೊಕ್ಕ ಕೊಟ್ಟೇ ಕೊಟ್ಟೀವಿ, ಲೆಕ್ಕ ಲೆಕ್ಕಾನ 🙂

ಸಿರಸಂಗಿಯೊಳಗ ಒಬ್ಬರು ಇಡೀ ದೇಸಗತಿ ಬಿಟ್ಟುಕೊಟ್ಟರು. ನಮಗ ಒಂದು ಪೆಟ್ಟಿಗಿ ಆಗೂದಿಲ್ಲೇನು?

ನಿಮ್ಮ ಶಾಲಿಯೊಳಗ ಪರದೆ ಹಿಂದ ನಿಂತವರು ಯಾರು? ಹೆಸರು ಬ್ಯಾಡ, ಕಥಿ ಬರೀರಿ. ನಿಮ್ಮೂರಾಗ ಇದಕ್ಕ ಗ್ಯಾದರಿಂಗ್ ಅಂತಾರೋ ಬ್ಯಾರೆ ಏನಾರ ಅಂತಾರೋ ಅದನ್ನೂ ಹೇಳ್ರಿ. ಸೇವ್ ಮಾಡಿ ಇಟ್ಟುಕೊಳ್ರಿ, ಮುಂದಿನ ಜನವರಿಗೆ ಬೇಕಾಗತದ.

#ಸಿರಸಂಗಿ #ಗ್ಯಾದರಿಂಗ್ #ಸ್ನೇಹಸಮ್ಮೇಳನ #ಕನ್ನಡಶಾಲೆ #ಬೆಳಗಾವಿ #ನಮ್ಮೂರಇತಿಹಾಸ